ಜಾಲಿಯ ಅಕ್ಕತಂಗಿಯರು ಕೇಳಿದ ಗುರುತು

ಭೂಮಿಯ ಮೈಹಸಿ ಇನ್ನೂ ಆರದಿದ್ದ ದಿನಗಳವು. ಹೊಳೆಯ ದಂಡೆಯಲ್ಲಿ ಮೂವರು ಅಕ್ಕತಂಗಿಯರು ನಿಂತಿದ್ದರು. ಇಂದು ನಾವು ಅವರನ್ನು ಕರಿಜಾಲಿ, ಬಿಳಿಜಾಲಿ, ಕಗ್ಗಲಿ ಎನ್ನುತ್ತೇವೆ. ಆಗ ಮೂವರದೂ ಒಂದೇ ತೊಗಟೆ, ಒಂದೇ ಕಾಯಿ, ಗರಿಯಂತೆ ಸೀಳಿದ ಒಂದೇ ಎಲೆ. ಮುಳ್ಳೆಂಬುದು ಇನ್ನೂ ಹುಟ್ಟಿರಲಿಲ್ಲ.

ಅವರಲ್ಲಿ ಹಿರಿಯಳಾದ ಕರಿಜಾಲಿಯ ಕೊಂಬೆಯ ತುದಿಯಲ್ಲಿ, ಎಲೆಗಳ ಮರೆಯಲ್ಲಿ, ಹೆಣ್ಣು ಗೀಜಗವೊಂದು ಮೊಟ್ಟೆಯಿಟ್ಟಿತ್ತು. ಒಂದು ಬೆಳಗ್ಗೆ, "ಗರಿಯೆಲೆಯ ಮರ, ನನ್ನ ಮರ" ಎಂದು ಗುರುತಿಟ್ಟುಕೊಂಡು ಅದು ಕಾಳಿಗಾಗಿ ಹಾರಿತು.

ಹಕ್ಕಿ ಅತ್ತ ಹೋದೊಡನೆ ಇತ್ತ ಕೇರೆಹಾವು ಬಂದಿತು.

"ಅಕ್ಕಂದಿರೇ, ಗೂಡಿಗೆ ಕಾವಲಿಲ್ಲವಂತೆ. ಯಾರಲ್ಲಿದೆ ಹೇಳಿ, ನಾನು ಕಾಯುತ್ತೇನೆ."

ಆ ಮಾತಿನ ಸಿಹಿಯೇ ಮೂವರಲ್ಲೂ ಸಂಶಯ ಹುಟ್ಟಿಸಿತು.

"ನನ್ನಲ್ಲಿಲ್ಲ, ಪಕ್ಕದವಳನ್ನು ಕೇಳು," ಎಂದಳು ಕರಿಜಾಲಿ.

"ನನ್ನಲ್ಲಿಲ್ಲ, ಪಕ್ಕದವಳನ್ನು ಕೇಳು," ಎಂದಳು ಬಿಳಿಜಾಲಿ.

"ನನ್ನಲ್ಲಿಲ್ಲ, ಮೊದಲಿನವಳನ್ನು ಕೇಳು," ಎಂದಳು ಕಿರಿಯಳಾದ ಕಗ್ಗಲಿ.

ಸುತ್ತಿ ಸುತ್ತಿ ಬೇಸತ್ತ ಹಾವು ಹುತ್ತದ ಹಿಂದೆ ಹೊಂಚುಹಾಕಿ ಮಲಗಿತು. ಅಕ್ಕತಂಗಿಯರು ಎಲೆಗಳನ್ನು ಒತ್ತೊತ್ತಾಗಿ ಹೆಣೆದುಕೊಂಡರು.

ಗೀಜಗ ಮರಳಿತು. ನೋಡಿದರೆ ಮೂರೂ ಗರಿಯೆಲೆಯ ಮರಗಳೇ. ಹೊಗಲು ಸಂದಿಲ್ಲ.

"ಅಮ್ಮಾ, ನನ್ನ ಗೂಡು ಯಾರಲ್ಲಿದೆ? ಬೇಗ ಕಾವು ಕೊಡದಿದ್ದರೆ ಮೊಟ್ಟೆಗಳು ಕೆಡುತ್ತವೆ."

"ನನ್ನಲ್ಲಿಲ್ಲ," ಎಂದಳು ಕರಿಜಾಲಿ. "ನನ್ನಲ್ಲಿಲ್ಲ," ಎಂದಳು ಬಿಳಿಜಾಲಿ.

ಕಗ್ಗಲಿ ಪಿಸುಗುಟ್ಟಿದಳು: "ಅಕ್ಕಾ, ಮೋಸಹೋಗಬೇಡ. ಹಾವೇ ವೇಷ ಬದಲಿಸಿ ಬಂದಿದೆ. ಬೆಳಗ್ಗೆ ತೆವಳಿತು, ಈಗ ಹಾರಿತು, ಸಂಜೆಗೆ ಈಜುತ್ತದೆ, ನೋಡುತ್ತಿರು."

ಆದರೆ ಗೂಡಿನ ಬಿಸುಪು ಆರುತ್ತಿರುವುದು ಕರಿಜಾಲಿಯ ಕೊಂಬೆಗೆ ತಿಳಿಯುತ್ತಿತ್ತು.

"ತಾಯಿಯೇ ಆದರೆ ಗೂಡಿನ ಗುರುತು ಹೇಳು."

"ಬಾಗಿಲು ಕೆಳಮುಖವಾಗಿದೆ."

"ಗೀಜಗನ ಬಾಗಿಲನ್ನು ಲೋಕವೆಲ್ಲ ಬಲ್ಲದು," ಎಂದು ಕಗ್ಗಲಿ ಮೂಗು ಮುರಿದಳು.

"ಒಳಗೋಡೆಗೆ ನನ್ನ ಗಂಡ ಹಸಿಮಣ್ಣು ಮೆತ್ತಿದ್ದಾನೆ. ಬೇಡವೆಂದೆ, ಕೇಳಲಿಲ್ಲ."

ಗಾಳಿ ಗೂಡಿನೊಳಕ್ಕೆ ನುಸುಳಿ ನೋಡಿತು. "ಮಣ್ಣಿದೆ," ಎಂದಿತು. "ಹಿರಿಯಕ್ಕನ ಗೂಡಿನಲ್ಲೇ ಇದೆ."

ಕರಿಜಾಲಿ ಎಲೆ ತೆರೆದಳು, ಹಕ್ಕಿ ಒಳಹೊಕ್ಕಿತು. ಗಾಳಿಯ ಮಾತನ್ನು ಹಾವೂ ಕೇಳಿತ್ತು. ಅದು ಸರಸರನೆ ಕಾಂಡವೇರಿತು.

"ಭೂತಾಯಿ, ಬಂದವರು ಯಾರೆಂದು ಕೇಳುತ್ತ ನಿಂತರೆ ಮೊಟ್ಟೆ ಉಳಿಯದು," ಎಂದು ಕರಿಜಾಲಿ ಮೊರೆಯಿಟ್ಟಳು. ಒಡನೆಯೇ ಅವಳ ಕೊಂಬೆಗಳಲ್ಲಿ ಜೋಡಿಜೋಡಿಯಾಗಿ ನೀಳವಾದ ಬಿಳಿಯ ಮುಳ್ಳುಗಳು ಹೊಮ್ಮಿದವು. ಹಾವು ದೊಪ್ಪನೆ ಕೆಳಗುರುಳಿತು.

ಹಕ್ಕಿ ಮತ್ತೆಂದೂ ದಾರಿ ತಪ್ಪದಿರಲೆಂದು ಕರಿಜಾಲಿ ಮಣಿಸರದಂತಹ ಕಾಯಿಗಳನ್ನು ತೊಟ್ಟಳು. ತನ್ನ ಮೇಲೆ ಯಾರೂ ಅನುಮಾನಪಡದಿರಲೆಂದು ಬಿಳಿಜಾಲಿ ತೊಗಟೆಯನ್ನು ಬೆಳ್ಳಗಾಗಿಸಿಕೊಂಡಳು, ಮುಳ್ಳನ್ನೂ ಬೇಡಿದಳು. "ನನಗೆ ಇನ್ನೂ ನಂಬಿಕೆಯಿಲ್ಲ," ಎಂದ ಕಗ್ಗಲಿ ತಾನೂ ಮುಳ್ಳು ಬೇಡಿ ಪಡೆದು, ಅವನ್ನು ಕೊಕ್ಕೆಯಾಗಿ ಬಾಗಿಸಿಕೊಂಡಳು. ಬಂದವರು ಉತ್ತರ ಕೊಡದೆ ಹೋಗಬಾರದಲ್ಲವೆ.

ಎಲೆಯನ್ನು ಮಾತ್ರ ಯಾರೂ ಬದಲಿಸಲಿಲ್ಲ. ಅದು ಮನೆತನದ ಗುರುತು.

ಆದುದರಿಂದಲೇ, ಮಗು ವಸುಮತಿ, ನಿನ್ನ ಪುಸ್ತಕದಲ್ಲಿ ಅಂಟಿಸಿದ ಮೂರು ಬೇರೆ ಮರಗಳ ಎಲೆಗಳ ಕೆಳಗೆ ಜಾಲಿ ಎಂಬ ಒಂದೇ ಹೆಸರು ಬಿದ್ದಿದೆ. ಆದುದರಿಂದಲೇ ಇಂದಿಗೂ ಕುರುಚಲು ಕಾಡಿನಲ್ಲಿ ಕಗ್ಗಲಿಯ ಕೊಕ್ಕೆ ನಿನ್ನ ಲಂಗದ ಅಂಚನ್ನು ಹಿಡಿದರೆ, ನೀನು ಹಕ್ಕಿಯೋ ಹಾವೋ ಎಂದು ತಿಳಿಯುವವರೆಗೆ ಬಿಡುವುದಿಲ್ಲ.