ಹಳೆಯ ಲೆನ್ಸು, ಚಿಕ್ಕತಾಯಮ್ಮನ ಹಚ್ಚೆ

ಕಪಿಲಾ ನದಿಯ ದಂಡೆಯಲ್ಲಿ ಪದ್ಮರಾಜಯ್ಯ ಎಂಬ ಮೇಷ್ಟ್ರಿದ್ದರು. ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಒಂದು ಸಲಕ್ಕೆ ಒಬ್ಬರೇ ಶಿಷ್ಯರು. ಅದಕ್ಕಿಂತ ಹೆಚ್ಚು ಜನರ ಪ್ರಶ್ನೆ ಕೇಳುವ ತಾಳ್ಮೆ ತಮಗಿಲ್ಲ ಎನ್ನುತ್ತಿದ್ದರು.

ಅವರದೊಂದು ಕಟ್ಟಳೆ ಇತ್ತು. ಫೋಟೋ ಚೆನ್ನಾಗಿದೆಯೋ ಇಲ್ಲವೋ ಎಂದು ಮೇಷ್ಟ್ರು ಹೇಳುವುದಿಲ್ಲ, ಶಿಷ್ಯರೂ ಹೇಳುವಂತಿಲ್ಲ. ಅದರಲ್ಲಿ ಯಾರಿದ್ದಾರೋ ಅವರು ನೋಡಿ ‘ಇದು ನಾನೇ’ ಅನ್ನಬೇಕು. ಅಲ್ಲಿಗೆ ಪಾಠ ಮುಗಿಯಿತು.

ಶರ್ವಾಣಿ ಬಂದದ್ದು ಪಾಠಕ್ಕಲ್ಲ, ಲೆನ್ಸಿಗೆ.

ಅವಳು ಮದುವೆ ಫೋಟೋ ತೆಗೆಯುವವಳು. ಅವಳ ಚಿತ್ರದಲ್ಲಿ ಮದುಮಗಳ ರೆಪ್ಪೆಗೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ಎಣಿಸಿ ಎಣಿಸಿ ಅವಳಿಗೇ ಸಾಕಾಗಿತ್ತು. ಎಲ್ಲರ ಫೋಟೋದಂತೆಯೇ ತನ್ನದೂ ಎಂಬ ಕೊರಗು. ಹಳೇ ಫಿಲ್ಮಿನ ಆ ಮೆದುಬೆಳಕು ತನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಬಂದುಬಿಟ್ಟರೆ ತನ್ನದೇ ಒಂದು ದಾರಿ ಸಿಗುತ್ತದೆ ಎಂದು ನಂಬಿದ್ದಳು. ಮೇಷ್ಟ್ರ ಬಳಿ ಅವರ ಯೌವನದ ಕಾಲದ ಲೆನ್ಸೊಂದಿದೆ ಎಂದು ಯಾರೋ ಕಿವಿಗೆ ಹಾಕಿದ್ದರು.

“ಲೆನ್ಸ್ ಕೊಡ್ತೀರಾ ಮೇಷ್ಟ್ರೇ?”

“ತಗೋ.”

ಗೋಗರೆಯಲು ತಯಾರಾಗಿ ಬಂದಿದ್ದವಳು ತಬ್ಬಿಬ್ಬಾದಳು. “ಸುಮ್ಮನೇ ಕೊಡ್ತೀರಾ?”

“ಸುಮ್ಮನೆ ಯಾಕೆ ಕೊಡ್ಲಿ? ಚಿಕ್ಕತಾಯಮ್ಮಂಗೆ ಒಂದು ಫೋಟೋ ಬೇಕಂತೆ. ತೆಗೆದುಕೊಡು. ಅವಳು ಒಪ್ಪಿದ್ರೆ ಲೆನ್ಸ್ ನಿಂದು.”

ಚಿಕ್ಕತಾಯಮ್ಮ ದಂಡೆಯ ಮೇಲೆ ಸೊಪ್ಪು ಬೆಳೆಯುತ್ತಿದ್ದ ಮುದುಕಿ. ತಾನು ಹೋದ ಮೇಲೆ ಗೋಡೆಗೆ ಹಾಕಲು ಒಂದು ಪಟ ಬೇಕೆಂದು ಕೇಳುತ್ತಿದ್ದಳು. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನು ನೋಡಿದರೆ ಅವಳಿಗೇ ಹೆದರಿಕೆ.

ಬೆಳಗಿನ ಹೊತ್ತು ಶರ್ವಾಣಿ ಆ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಹಾಕಿಕೊಂಡು ಬಂದು, ಅವಳನ್ನು ನದಿಗೆ ಬೆನ್ನು ಮಾಡಿ ಕೂರಿಸಿದಳು. ಹಿಂದಿನಿಂದ ನೀರಿನ ಬೆಳಕು. ಅಜ್ಜಿ ಸೆರಗು ಹೊದ್ದು, ಕೆನ್ನೆಗೆ ಕೈ ಕೊಟ್ಟು, ಮುಂಗೈಯನ್ನು ಕ್ಯಾಮೆರಾದ ಕಡೆ ತಿರುಗಿಸಿದಳು.

“ಅಜ್ಜಿ, ಕೈ ಇಳಿಸ್ತೀರಾ?”

“ಇಲ್ಲ ಕಣವ್ವ. ಕೈ ಇರ್ಲೇಬೇಕು.”

ಯಾಕೆ ಎಂದು ಶರ್ವಾಣಿ ಕೇಳಲಿಲ್ಲ. ಅವಳ ಮನಸ್ಸೆಲ್ಲ ಲೆನ್ಸಿನ ಮೇಲಿತ್ತು.

ರೇಂಜ್‌ಫೈಂಡರ್ ಜಾತಿಯ ಕ್ಯಾಮೆರಾದಲ್ಲಿ ನೋಡುವವರು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದಲ್ಲೊಂದು ಪುಟ್ಟ ಗಾಜಿನ ಕಿಟಕಿ, ಕಣ್ಣು ಅಲ್ಲಿಗೆ. ಅದರ ನಡುವೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಎರಡನ್ನು ಒಂದು ಮಾಡಿದರೆ ಫೋಕಸ್ ಕೂತಿತು ಎಂದರ್ಥ. ಹಾಗೆ ಕೂಡಿಸಲು ಒಂದು ಗೆರೆ ಬೇಕು. ಅಜ್ಜಿಯ ಮುಂಗೈಯಲ್ಲಿ ಯಾವುದೋ ಹಸಿರು ಗೆರೆ ಕಂಡಿತು. ಶರ್ವಾಣಿ ಅದನ್ನೇ ಹಿಡಿದು ಕೂಡಿಸಿ, ಗುಂಡಿ ಒತ್ತಿದಳು.

ಅಚ್ಚು ಹಾಕಿಸಿ ತಂದ ಫೋಟೋ ನೋಡಿ ಅವಳ ಎದೆ ಕುಣಿಯಿತು. ಮುಖದ ಸುತ್ತ ಹಾಲು ಚೆಲ್ಲಿದಂಥ ಬೆಳಕು. ಸುಕ್ಕುಗಳೆಲ್ಲ ಮೆದುವಾಗಿ ಕರಗಿದ್ದವು. ಐವತ್ತು ವರ್ಷದ ಹಿಂದೆ ತೆಗೆದದ್ದು ಎಂದರೆ ಯಾರೂ ಎರಡು ಮಾತಾಡುವಂತಿರಲಿಲ್ಲ.

ಮೇಷ್ಟ್ರು ನೋಡಿದರು. “ಚಿಕ್ಕತಾಯಮ್ಮಂಗೆ ತೋರಿಸು” ಎಂದರು, ಅಷ್ಟೇ.

ಚಿಕ್ಕತಾಯಮ್ಮ ಫೋಟೋವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

“ಚೆನ್ನಾಗೈತೆ ಕಣವ್ವ. ಯಾರಿದು?”

“ನೀವೇ ಅಜ್ಜಿ!”

“ನಾನಾ? ಕಣ್ಣಿನ ಆಪರೇಷನ್‌ಗೆ ಮುಂಚೆ ನಂಗೆ ಎಲ್ರೂ ಹಿಂಗೇ ಕಾಣ್ತಿದ್ರು.”

ಆಮೇಲೆ ಅವಳ ಬೆರಳು ಫೋಟೋದ ಕೈಯ ಮೇಲೆ ಹುಡುಕಾಡಿತು. “ಹಕ್ಕಿ ಎಲ್ಲಿ?”

“ಯಾವ ಹಕ್ಕಿ?”

ಅಜ್ಜಿ ಮುಂಗೈ ಚಾಚಿದಳು. ಹಸಿರು ಮಾಸಿದ ಹಚ್ಚೆ. ಕೊಕ್ಕಿಗೆ ಕೊಕ್ಕು ಕೊಟ್ಟ ಎರಡು ಪುಟ್ಟ ಹಕ್ಕಿಗಳು.

“ಇದು ನಾನು. ಇದು ನಮ್ಮಕ್ಕ ದೊಡ್ಡತಾಯಿ. ಇಬ್ರೂ ಒಂದೇ ದಿನ ಹಾಕಿಸ್ಕೊಂಡೊ. ಅವಳು ಮದ್ವೆಗೆ ಮುಂಚೇನೇ ಹೋಗ್ಬುಟ್ಳು. ಒಂದು ಪಟಾನೂ ಇಲ್ಲ. ನಾನೂ ಹೋದ್ರೆ ಅವಳು ಅಂತ ಒಬ್ಳು ಇದ್ಲು ಅನ್ನಕ್ಕೆ ಏನೂ ಇರಕಿಲ್ಲ. ಅದ್ಕೇ ಕೈ ಹಂಗೆ ಮಡಗಿದ್ದು.”

ಫೋಟೋದಲ್ಲಿ ಆ ಕೈ ಬರೀ ಬಿಳಿ ಬೆಳಕಾಗಿತ್ತು.

“ನೀ ಬೇಜಾರ್ ಮಾಡ್ಕಬೇಡ ಕಣವ್ವ” ಎಂದು ಅಜ್ಜಿ ಮೆಲ್ಲಗೆ ಅದನ್ನು ವಾಪಸು ಕೊಟ್ಟಳು. ಶರ್ವಾಣಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು.

“ಅಜ್ಜಿ ಒಪ್ಪಲಿಲ್ಲ” ಎಂದು ಮೇಷ್ಟ್ರ ಮುಂದೆ ಕೂತಳು. “ಹಳೇ ಲೆನ್ಸು, ಎದುರು ಬೆಳಕು. ಹಚ್ಚೆ ಕರಗಿ ಹೋಗಿದೆ.”

“ಕಿಟಕೀಲಿ ನೋಡಿದಾಗ ಹಚ್ಚೆ ಕಂಡಿತ್ತಾ?”

“ಕಂಡಿತ್ತು. ಅದನ್ನೇ ಹಿಡ್ಕೊಂಡು ಫೋಕಸ್ ಮಾಡಿದ್ದು.”

“ಅಂದ್ರೆ ನಿನ್ನ ಕಣ್ಣಿಗೆ ಸಿಕ್ಕಿತ್ತು, ಫೋಟೋಗೆ ಸಿಗಲಿಲ್ಲ. ನೀನು ಕುಣಿದದ್ದು ಯಾವುದನ್ನ ನೋಡಿ?”

ಅವಳು ಕ್ಯಾಮೆರಾದಿಂದ ಲೆನ್ಸು ಬಿಚ್ಚಿ ಅವರ ಮುಂದಿಟ್ಟು ಎದ್ದುಹೋದಳು.

ಮರುದಿನ ಬಂದರೆ ಮೇಷ್ಟ್ರು ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ, ಲೆನ್ಸನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಹತ್ತಿಗೆ ಸ್ಪಿರಿಟ್ ಹಾಕಿ ಒಳಗಿನ ಗಾಜು ಒರೆಸುತ್ತಿದ್ದರು.

“ಅಯ್ಯೋ! ಏನ್ ಮಾಡ್ತಿದೀರ ಮೇಷ್ಟ್ರೇ? ಆ ಮಬ್ಬೇ ಅಲ್ವಾ ಅದರ ಕಳೆ?”

“ಮಬ್ಬಲ್ಲ ಕಣಮ್ಮ, ಬೂಷ್ಟು. ನದಿ ಪಕ್ಕದ ಥಂಡಿ, ಮೇಲೆ ಚರ್ಮದ ಡಬ್ಬಿ. ಉಪ್ಪಿನಕಾಯಿಗೂ ಹಿಡಿಯುತ್ತೆ.”

“ಮೊದಲಿಂದ ಹೀಗಿರಲಿಲ್ವಾ?”

“ಹೀಗಿದ್ದಿದ್ರೆ ನಾನ್ಯಾಕೆ ತಗೋತಿದ್ದೆ? ಇದಕ್ಕಿಂತ ಸ್ಪಷ್ಟವಾಗಿ ನೋಡೋ ಲೆನ್ಸ್ ಮೈಸೂರಲ್ಲೇ ಇನ್ನೊಂದಿಲ್ಲ ಅಂದ್ರು. ಆಸೆಪಟ್ಟು ತಗೊಂಡೆ.”

ಶರ್ವಾಣಿಗೆ ಸಿಟ್ಟೇ ಬಂತು. “ಗೊತ್ತಿದ್ದೂ ಹಾಗೇ ಯಾಕೆ ಕೊಟ್ರಿ?”

“ನೀನು ಕೇಳಿದ್ದು ಅದನ್ನೇ ತಾನೆ?”

ಮೇಷ್ಟ್ರು ಕೊನೆಯ ಗಾಜನ್ನೂ ಹತ್ತಿಯನ್ನೂ ಅವಳ ಕೈಗೆ ಕೊಟ್ಟರು. ಅವಳು ಕೂತು ಒರೆಸಿದಳು. ಬೂಷ್ಟು ಬಿಡುವಾಗ ‘ಹೋಯಿತಲ್ಲ’ ಎನಿಸಿದ್ದು ನಿಜ. ಒರೆಸಿದ್ದೂ ನಿಜ.

ಮತ್ತೆ ಜೋಡಿಸಿದ ಲೆನ್ಸಿನೊಂದಿಗೆ ಅಜ್ಜಿಯ ಬಳಿ ಹೋದ ಶರ್ವಾಣಿ ಈ ಸಲ ಕೂಡಲೇ ಕ್ಯಾಮೆರಾ ಎತ್ತಲಿಲ್ಲ. ಮೊದಲು ಅಜ್ಜಿಯ ಪಕ್ಕ ಕೂತಳು.

“ಅಜ್ಜಿ, ನಿಮ್ಮಕ್ಕ ಹೇಗಿದ್ರು?”

ಚಿಕ್ಕತಾಯಮ್ಮ ಹೇಳಿದಳು. ಹಚ್ಚೆಯ ಸೂಜಿಗೆ ಅಕ್ಕ ಅಳಲೇ ಇಲ್ಲವಂತೆ, ತಾನು ಊರು ಒಂದಾಗುವಂತೆ ಅತ್ತಳಂತೆ. ಹೇಳುತ್ತ ನಕ್ಕಳು. ಬಿಸಿಲು ಪಕ್ಕದಿಂದ ಬೀಳುವ ಹೊತ್ತಾಗುವ ತನಕ ಮಾತು ಸಾಗಿತು. ಆಗ ಶರ್ವಾಣಿ ಕಿಟಕಿಗೆ ಕಣ್ಣಿಟ್ಟು, ಎರಡಾಗಿದ್ದ ಹಕ್ಕಿಯ ಕೊಕ್ಕನ್ನು ಒಂದು ಮಾಡಿ, ಒತ್ತಿದಳು.

ಹೊಸ ಫೋಟೋದಲ್ಲಿ ಸುಕ್ಕಿತ್ತು, ಗಲ್ಲದ ಮಚ್ಚೆ ಇತ್ತು, ಉಗುರಿನ ಸಂದಿನ ಮಣ್ಣಿತ್ತು. ಎರಡೂ ಹಕ್ಕಿಗಳಿದ್ದವು.

ಚಿಕ್ಕತಾಯಮ್ಮ ಬಹಳ ಹೊತ್ತು ನೋಡಿದಳು. ಒಂದು ಹಕ್ಕಿಯ ಮೇಲೆ ಬೆರಳಿಟ್ಟಳು.

“ಅಕ್ಕ ಅವ್ಳೆ” ಎಂದಳು. ಆಮೇಲೆ ಮುಖ ನೋಡಿದಳು. “ಹೂಂ. ಇದು ನಾನೇ.”

ಶರ್ವಾಣಿ ಕಣ್ಣೊರೆಸಿಕೊಳ್ಳುತ್ತಲೇ ಮೇಷ್ಟ್ರ ಮನೆಗೆ ಬಂದು ಸುದ್ದಿ ಹೇಳಿದಳು. ಮೇಷ್ಟ್ರು ಅವಳು ತಂದ ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಮತ್ತೆ ಅವಳ ಕೈಗಿಟ್ಟರು. ಚರ್ಮದ ಡಬ್ಬಿ ಕೊಡಲಿಲ್ಲ.

ಹೊರಟವಳು ಹೊಸಿಲ ಬಳಿ ನಿಂತಳು. ಬಂದ ಆಸೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

“ಮೇಷ್ಟ್ರೇ, ಅಜ್ಜಿ ಒಪ್ಪಿದ್ದು ಸಂತೋಷವೇ. ಆದ್ರೆ ನಾನು ಹುಡುಕ್ಕೊಂಡು ಬಂದಿದ್ದು ಆ ಹಳೇ ಕಾಲದ ಕಳೆ. ಅದು ಈ ಫೋಟೋದಲ್ಲಿ ಎಲ್ಲಿದೆ?”

ಮೇಷ್ಟ್ರು ಪಂಚೆ ಕೊಡವಿ ಮಡಿಸುತ್ತಿದ್ದರು.

“ಅದು ತಾನಾಗೇ ಹಳೇದಾಗುತ್ತೆ ಕಣಮ್ಮ. ನೀನು ಇವತ್ತಿಂದು ತೆಗಿ.”