ಬಿರುಕಿನ ತುದಿ

"ವಸ್ತಾದರೇ, ಇನ್ನೆಲ್ಲಿ ಬಲ ಹಾಕಲಿ?" ಎಂದು ಯಮನೂರಪ್ಪ ಕೇಳಿದ.

ಅವನು ನಮ್ಮ ಗರಡಿಯ ಪೈಲ್ವಾನ. ಗುಂಡುಕಲ್ಲು ಎತ್ತುವುದರಲ್ಲಿ ನನ್ನನ್ನು ಬಿಟ್ಟರೆ ಅವನೇ. ಮೊದಲ ಸಲ ಅವನು ಸೋತದ್ದು ಹೊಳೆಯಾಚೆಯ ಪರಸಪ್ಪನ ಕೈಯಲ್ಲಿ. ಪರಸಪ್ಪ ಕಾಲು ಹಿಡಿದು ಕೆಡವಿದ. ಯಮನೂರಪ್ಪ ಊರಿಗೆ ಬಂದವನೇ ಬೈಠಕ್ ಹೊಡೆದು ಹೊಡೆದು ತೊಡೆಗಳನ್ನು ಕಂಬ ಮಾಡಿಕೊಂಡ. ಆಮೇಲೆ ಇನ್ನೊಬ್ಬ ಕುತ್ತಿಗೆ ಹಿಡಿದು ಕೆಡವಿದ. ಇವನು ಕುತ್ತಿಗೆಯನ್ನು ಹೋರಿಯ ಕುತ್ತಿಗೆ ಮಾಡಿಕೊಂಡ. ಮೊನ್ನೆ ಮತ್ತೆ ಸೋತು ಬಂದಿದ್ದ. ಅದೂ ಇವನ ಅರ್ಧ ಮೈಯಿರುವ ಒಬ್ಬ ಹೊಸಬನ ಕೈಯಲ್ಲಿ.

"ಕಾಲು ಹಿಡಿದನೇನು?" ಎಂದರು ನಮಗೆಲ್ಲ ಕುಸ್ತಿ ಕಲಿಸಿದ ವಸ್ತಾದರು.

"ಕಾಲೂ ಜಗ್ಗಲಿಲ್ಲ, ಕುತ್ತಿಗೆಯೂ ಜಗ್ಗಲಿಲ್ಲ. ನಾನು ತಿರುಗುವಷ್ಟರಲ್ಲಿ ಅವನು ಬೆನ್ನಿಗೆ ಬಂದಿದ್ದ. ಎಲ್ಲಿ ಸೋತೆ ಅಂತಲೇ ತಿಳಿಯಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ಸಲವೂ ಸೋತರೆ ಲಂಗೋಟಿಯನ್ನು ಗೂಟಕ್ಕೆ ಹಾಕಿ ಮನೆಗೆ ಹೋಗುತ್ತೇನೆ. ಮತ್ತೆ ಈ ಮಣ್ಣು ಮುಟ್ಟುವುದಿಲ್ಲ."

ನಮ್ಮ ವಸ್ತಾದರು ಉತ್ತರ ಕೊಡಲಾರದ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಯಾವ ಗರಡಿಯವರು ಬೇಕಾದರೂ ಬಂದು ಪರೀಕ್ಷೆ ಮಾಡಿಕೊಳ್ಳಲಿ. ಆದರೆ ಅವರು ಕುಸ್ತಿಯ ಮಾತು ಎತ್ತಲಿಲ್ಲ. ಕೈಗೆ ಹತ್ತಿದ ಕೆಮ್ಮಣ್ಣು ಕೊಡವಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನ ಕುಲುಮೆಯಿಂದ ಹೋದ ಗುದ್ದಲಿಯಾಗಲಿ ಕೊಡಲಿಯಾಗಲಿ ರಿಪೇರಿಗೆಂದು ಮರಳಿ ಬಂದದ್ದಿಲ್ಲ. ಅದು ಅವನ ಹೆಮ್ಮೆ. ಏನೇ ಮುರಿದು ಬಂದರೂ, ಮುರಿದ ಜಾಗಕ್ಕೆ ಮೊದಲಿಗಿಂತ ದಪ್ಪ ಕಬ್ಬಿಣ ಹಾಕಿ ಕಳುಹಿಸುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನಲ್ಲಿ ಒಂದು ಹಳೆಯ ಓಟದ ಕಾರು ಇತ್ತು. ಎರಡೇ ಸೀಟು, ತೆಳು ತಗಡಿನ ಮೈ. ಇಬ್ಬರು ಹಿಡಿದರೆ ಅದರ ಹಿಂಭಾಗ ನೆಲ ಬಿಟ್ಟು ಏಳುತ್ತಿತ್ತು. ವಯಸ್ಸಾದಂತೆ ಸಾಹುಕಾರನ ಮೊಣಕಾಲು ಆ ಕಾರಿನೊಳಗೆ ಮಡಚಲು ಒಪ್ಪಲಿಲ್ಲ. ಕಾರು ನಿಂತಲ್ಲೇ ನಿಂತು ಕೆಟ್ಟಿತು. ಅವನು ಕಮ್ಮಾರನನ್ನು ಕರೆಸಿದ.

"ಇದನ್ನು ಸರಿಮಾಡು. ದೀಪಾವಳಿಯೊಳಗೆ ಗುಡ್ಡದ ಮೇಲಿನ ನನ್ನ ಮನೆಗೆ ಓಡಿಸಿಕೊಂಡು ಬಾ. ಇದು ಗುಡ್ಡ ಹತ್ತುವ ಸದ್ದನ್ನು ನಾನು ಇನ್ನೊಂದು ಸಲ ಕೇಳಬೇಕು. ಬಂದರೆ ಕಾರು ನಿನ್ನದು. ಬಾರದಿದ್ದರೆ ಗುಜರಿಗೆ."

ಕಮ್ಮಾರನ ಕಣ್ಣು ಆಗಲೇ ಆ ಕಾರಿನ ಮೇಲೆ ಬಿದ್ದಿತ್ತು.

"ಬರುತ್ತದೆ, ಸಾಹುಕಾರರೇ. ನಾನು ಕಟ್ಟಿದ ಜಾಗ ಎರಡನೇ ಸಲ ಮುರಿಯುವುದಿಲ್ಲ" ಎಂದ.

ಎಂಜಿನ್ ಬಿಚ್ಚಿ ತೊಳೆದು ಜೋಡಿಸಿದ. ಅದು ಶುರುವಾಯಿತು. ಊರ ರಸ್ತೆಯಲ್ಲಿ ಓಡಿಸಿ ನೋಡಿದ. ಒಂದು ಹೊಂಡದಲ್ಲಿ ಚಕ್ರ ಇಳಿದು, ಸೀಟಿನ ಕೆಳಗಿನ ತಗಡು ಬಿರುಕು ಬಿಟ್ಟಿತು. ಕಮ್ಮಾರ ಲಾರಿಯ ತಳಕ್ಕೆ ಹಾಕುವಂಥ ದಪ್ಪ ಕಬ್ಬಿಣದ ಹಲಗೆ ತಂದು ಬೋಲ್ಟ್ ಹಾಕಿ ಬಿಗಿದ. ಆ ಭಾರಕ್ಕೆ ಸ್ಪ್ರಿಂಗು ಕುಸಿಯಿತು. ಜೀಪಿನ ಸ್ಪ್ರಿಂಗು ಹಾಕಿದ. ಆ ಬಿಗಿಗೆ ಆಕ್ಸಲ್ ಬಾಗಿತು. ಗಾಡಿಯ ಅಚ್ಚಿನಷ್ಟು ದಪ್ಪದ್ದು ಹಾಕಿದ. ಈಗ ಬ್ರೇಕು ಹಿಡಿಯದಾಯಿತು. ಅದನ್ನೂ ದೊಡ್ಡದು ಮಾಡಿದ. ಕಟ್ಟಿದ ಜಾಗ ಒಂದೂ ಮತ್ತೆ ಮುರಿಯಲಿಲ್ಲ. ಅವನು ಹೇಳಿದ ಮಾತು ನಿಂತಿತು.

ದೀಪಾವಳಿ ಇನ್ನೂ ದೂರವಿರುವಾಗಲೇ ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಹೊರಟ. ಅರ್ಧ ಗುಡ್ಡದ ತಿರುವಿನಲ್ಲಿ ಕಾರು ನಿಂತಿತು. ಎಂಜಿನ್ ಕೂಗುತ್ತಿತ್ತು. ಚಕ್ರ ಮುಂದೆ ಹೋಗಲಿಲ್ಲ. ಕಮ್ಮಾರ ಇಳಿದು ಕೆಳಗೆ ನುಸುಳಿ ನೋಡಿದ. ಎಲ್ಲೂ ಏನೂ ಆಗಿರಲಿಲ್ಲ.

"ನೀನು ಸ್ವಲ್ಪ ಇಳಿ" ಎಂದ ಹೆಂಡತಿಗೆ.

ಅವಳು ಇಳಿದಳು. ಕಾರು ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು.

"ಇಷ್ಟಕ್ಕೆ ನನ್ನನ್ನು ಇಳಿಸಿದೆಯಾ? ನಾನು ಇಳಿದೆ. ನೀನು ಹತ್ತಿಸಿಕೊಂಡಿರುವ ಕಬ್ಬಿಣವನ್ನು ಯಾರು ಇಳಿಸುತ್ತಾರೆ? ಇಲ್ಲವೇ, ಹೋಗಿ ಎಳೆಯಲು ಎತ್ತು ತರಲೋ?" ಎಂದಳು ಹೆಂಡತಿ.

ಕಮ್ಮಾರ ಚಕ್ರಕ್ಕೆ ಕಲ್ಲು ಕೊಟ್ಟು, ಅವಳನ್ನು ಕಾವಲಿಗೆ ಕೂರಿಸಿ, ಉಳಿದ ಗುಡ್ಡವನ್ನು ನಡೆದೇ ಹತ್ತಿದ. ಸಾಹುಕಾರ ಜಗುಲಿಯಲ್ಲಿ ಕೂತಿದ್ದ.

"ಕಾರೆಲ್ಲಿ?"

"ಅರ್ಧದಲ್ಲಿದೆ."

"ಏನು ಮುರಿಯಿತು?"

"ಏನೂ ಮುರಿದಿಲ್ಲ. ಮುರಿದಿದ್ದರೆ ನಾನೇ ಕಟ್ಟುತ್ತಿದ್ದೆ." ಕಮ್ಮಾರ ಬೆವರು ಒರೆಸಿಕೊಂಡ. "ನಿಮ್ಮ ಕಾಲದಲ್ಲಿ ಇದು ಬಿರುಕು ಬಿಡುತ್ತಿರಲಿಲ್ಲವೇ?"

"ಬಿಡದೆ ಏನು? ಬೇಕಾದಷ್ಟು ಸಲ."

"ಆಗ ಏನು ಮಾಡುತ್ತಿದ್ದಿರಿ?"

"ಬಿರುಕಿನ ತುದಿ ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆಯುತ್ತಿದ್ದೆ."

"ಒಡೆದದ್ದಕ್ಕೆ ಮೇಲೊಂದು ತೂತೇ?"

"ಹೂಂ. ಬಿರುಕು ಓಡುತ್ತಾ ಬಂದು ಆ ತೂತಿನಲ್ಲಿ ನಿಂತುಬಿಡುತ್ತದೆ. ಅದರ ಮೇಲೊಂದು ತೆಳು ತಗಡು ಹೊದಿಸಿದರೆ ಆಯಿತು. ದಿನವೂ ಕೆಳಗೆ ಬಗ್ಗಿ ನೋಡಬೇಕು, ಅಷ್ಟೇ. ಇನ್ನೊಂದು ಮಾತು. ಹೊಂಡ ಕಂಡರೆ ನಾನು ಪಕ್ಕಕ್ಕೆ ಹೋಗುತ್ತಿದ್ದೆ."

ಕಮ್ಮಾರ ಗುಡ್ಡ ಇಳಿದ. ಇಳಿಯುವಾಗ ಕಾರು ಚೆನ್ನಾಗಿಯೇ ಓಡಿತು.

ಮರುದಿನದಿಂದ ಕುಲುಮೆಯ ಬೇರೆ ಕೆಲಸವೆಲ್ಲ ನಿಂತಿತು. ತಾನೇ ಬಿಗಿದ ಬೋಲ್ಟುಗಳನ್ನು ತಾನೇ ಬಿಚ್ಚಲು ಕೂತ. ಹಾಕುವಾಗ ಪಟ್ಟ ಕಷ್ಟಕ್ಕಿಂತ ತೆಗೆಯುವಾಗಿನ ಕಷ್ಟ ಹೆಚ್ಚಾಯಿತು. ಬಾಗಿದ್ದ ಹಳೆಯ ಆಕ್ಸಲನ್ನು ನೆಟ್ಟಗೆ ಮಾಡಿದ. ಹಳೆಯ ಸ್ಪ್ರಿಂಗಿಗೆ ಮತ್ತೆ ಹದ ಕೊಟ್ಟ. ದೊಡ್ಡ ಬ್ರೇಕು ತೆಗೆದು ಹಳೆಯದನ್ನೇ ಕೂರಿಸಿದ. ಉಳಿದದ್ದು ತಳದ ತಗಡು. ದಪ್ಪ ಕಬ್ಬಿಣ ಬಡಿದು ಬೆಳೆದ ಕೈಗೆ ತೆಳು ತಗಡು ಬಗ್ಗಲಿಲ್ಲ. ಸುತ್ತಿಗೆ ಬಿದ್ದರೆ ಹರಿಯುತ್ತಿತ್ತು. ಸುತ್ತಿಗೆ ಬಿಟ್ಟು ಮರದ ಕೊಡತಿ ಹಿಡಿದ. ಆಗಲೂ ಹರಿಯಿತು. ಹರಿದ ತಗಡು ಮೂಲೆಯಲ್ಲಿ ರಾಶಿಯಾಯಿತು. ಊರಿನವರು ಬಾಗಿಲಲ್ಲಿ ಇಣುಕಿ, "ಏನಣ್ಣಾ, ಕಮ್ಮಾರಿಕೆ ಬಿಟ್ಟು ಹಪ್ಪಳ ಮಾಡುತ್ತಿದ್ದೀಯಾ?" ಎಂದು ನಕ್ಕರು. ಅವನು ಮತ್ತೊಂದು ತಗಡು ತೆಗೆದುಕೊಂಡ. ಕೈ ಹಗುರವಾಗುವವರೆಗೆ ಬಡಿದ. ಕೊನೆಗೆ ಒಂದು ತಗಡು ಹರಿಯದೆ ಬಗ್ಗಿತು. ಬಿರುಕಿನ ತುದಿಗೆ ತೂತು ಕೊರೆದು ಅದನ್ನು ಮೇಲೆ ಹೊದಿಸಿ ರಿವೆಟ್ ಹೊಡೆದ. ಹೆಂಡತಿಯನ್ನು ಕರೆದ. ಇಬ್ಬರೂ ಹಿಂಭಾಗ ಹಿಡಿದು ಎತ್ತಿದರು. ಚಕ್ರ ನೆಲ ಬಿಟ್ಟಿತು.

ದೀಪಾವಳಿಯ ಹಿಂದಿನ ದಿನ ಅವರು ಗುಡ್ಡ ಹತ್ತಿದರು. ಹೊಂಡ ಕಂಡಲ್ಲಿ ಕಮ್ಮಾರ ಪಕ್ಕಕ್ಕೆ ಹೋದ. ಅರ್ಧ ಗುಡ್ಡದ ತಿರುವಿನಲ್ಲಿ ಹೆಂಡತಿ, "ಇಳಿಯಬೇಕೇ?" ಎಂದಳು. "ಗಟ್ಟಿಯಾಗಿ ಹಿಡಿದುಕೋ" ಎಂದ. ಮೇಲೆ ಜಗುಲಿಯಲ್ಲಿದ್ದ ಸಾಹುಕಾರ ಆ ಸದ್ದು ಕೇಳಿ, ಮೊಣಕಾಲು ಹಿಡಿದುಕೊಂಡೇ ಎದ್ದು ನಿಂತ. ಕಾರು ಅಂಗಳಕ್ಕೆ ಬಂದು ನಿಂತಿತು.

ಸಾಹುಕಾರ ಕಷ್ಟಪಟ್ಟು ಬಗ್ಗಿ ಕಾರಿನ ಕೆಳಗೆ ಕೈಯಾಡಿಸಿದ. ಅವನ ಬೆರಳು ಒಂದು ಕಡೆ ನಿಂತಿತು.

"ಹೊಸ ಬಿರುಕು ಬಿಟ್ಟಿದೆಯಲ್ಲಪ್ಪಾ."

ಕಮ್ಮಾರ ಚೀಲದಿಂದ ಕೊರೆಯುವ ಕೈಯಂತ್ರ ತೆಗೆದು ನೆಲದ ಮೇಲೆ ಮಲಗಿದ.

"ತುದಿ ಎಲ್ಲಿದೆ, ಹಾಗೇ ಬೆರಳಿಟ್ಟು ತೋರಿಸಿ" ಎಂದ.

ಸಾಹುಕಾರ ಒಂದು ಕೈಯ ಬೆರಳನ್ನು ಅಲ್ಲೇ ಇಟ್ಟು, ಇನ್ನೊಂದು ಕೈಯಿಂದ ತನ್ನ ಜೇಬಿನಲ್ಲೇ ಉಳಿದಿದ್ದ ಕಾರಿನ ಇನ್ನೊಂದು ಕೀಲಿ ತೆಗೆದು ಕಮ್ಮಾರನ ಹೆಂಡತಿಗೆ ಕೊಟ್ಟ.

ವಸ್ತಾದರು ಕತೆ ನಿಲ್ಲಿಸಿದರು. ಯಮನೂರಪ್ಪ ತೊಡೆ ನೀವಿಕೊಳ್ಳುತ್ತಾ ಕೂತಿದ್ದ.

"ಕತೆ ಒಪ್ಪಿದೆ, ವಸ್ತಾದರೇ. ಆದರೆ ಕಾರಿನ ಭಾರ ಬೋಲ್ಟ್ ಬಿಚ್ಚಿದರೆ ಹೋಗುತ್ತದೆ. ನಾನು ಹಾಕಿಕೊಂಡದ್ದು ಮೈ. ಪರಸಪ್ಪನಂಥವನು ಮತ್ತೆ ಕಾಲಿಗೆ ಬಂದರೆ ಅದು ಬೇಡವೇ?" ಎಂದ.

ವಸ್ತಾದರು ಅವನ ತೊಡೆಯ ಮೇಲೆ ಕೈಯಿಟ್ಟು ಹೇಳಿದರು:

"ಪರಸಪ್ಪ ಕುಸ್ತಿ ಬಿಟ್ಟು ಎಮ್ಮೆ ಕಟ್ಟಿಕೊಂಡು ಎಷ್ಟೋ ಕಾಲವಾಯಿತು ತಮ್ಮಾ, ನೀನೊಬ್ಬನೇ ಇನ್ನೂ ಅವನ ಜೊತೆ ಕುಸ್ತಿ ಹಿಡಿಯುತ್ತಿದ್ದೀಯ."