ಅಟ್ಟಣೆಯ ಮೇಲೆ ಬಗ್ಗದ ಸೊಂಟ

ನೆಲದಲ್ಲಿ ನಿಂತು ಒಮ್ಮೆಯೂ ಗುರಿ ತಪ್ಪದ ಬೇಡರ ಓಬಯ್ಯ ಮೊದಲ ಸಲ ಮರದ ಮೇಲೆ ಕಟ್ಟಿದ ಅಟ್ಟಣೆ ಹತ್ತಿದ್ದ. ಹೊಲ ಹಾಳುಮಾಡುತ್ತಿದ್ದ ಕಾಡುಹಂದಿ ಕೆಳಗೆ ಬಂದಾಗ ಅವನು ಸೆಟೆದು ನಿಂತು, ಬಿಲ್ಲು ಹಿಡಿದ ಕೈಯನ್ನಷ್ಟೇ ಇಳಿಸಿದ.

"ಒಡೆಯಾ, ಸೊಂಟ ಬಗ್ಗಿಸು. ಕೈಯೊಂದನ್ನೇ ಇಳಿಸಿದರೆ ಬಾಣ ಗುರಿಯ ಮೇಲಿಂದ ಹಾರಿಹೋಗುತ್ತದೆ," ಎಂದಿತು ಬಿಲ್ಲು.

"ಇಷ್ಟು ಎತ್ತರಕ್ಕೆ ಏರಿದ್ದು ಒಂದು ಹಂದಿಗೆ ಬಗ್ಗುವುದಕ್ಕೇನು?" ಎಂದು ಓಬಯ್ಯ ಬಾಣ ಬಿಟ್ಟ.

ಅದು ಹಂದಿಯ ಬೆನ್ನಿನ ಕೂದಲು ಸವರಿಕೊಂಡು ಹೋಗಿ ಮಣ್ಣಿಗೆ ನಾಟಿತು. ಕೆರಳಿದ ಹಂದಿ ಅಟ್ಟಣೆಗೆ ಆಸರೆಯಾಗಿದ್ದ ಗಳವನ್ನು ಗುದ್ದಿ ಕೆಡವಿತು. ಅಟ್ಟಣೆ ವಾಲಿತು, ಬಿಲ್ಲು ಕೆಳಗೆ ಬಿತ್ತು. ಓಬಯ್ಯ ಕೊಂಬೆಯೊಂದರ ಮೇಲೆ, ಒಣಹಾಕಿದ ಪಂಚೆಯ ಹಾಗೆ ಎರಡಾಗಿ ಮಡಚಿಕೊಂಡು ನೇತಾಡಿದ.

"ಒಡೆಯಾ, ಸೊಂಟ ಈಗ ಸರಿಯಾಗಿ ಬಗ್ಗಿದೆ," ಎಂದಿತು ಬಿಲ್ಲು. "ಆದರೆ ನಾನು ಹಂದಿಯ ಕಾಲಡಿ ಇದ್ದೇನೆ."